ಸೈಲೆನ್ಸರ್ ಬದಲಿಸಿದ ಶನಿವಾರ

ಕೂಸು ಅಳು ನಿಲ್ಲಿಸುವ ಜಾಗಗಳು ಆ ಮನೆಯಲ್ಲಿ ಎರಡೇ ಇದ್ದವು. ಒಂದು ಅಜ್ಜಿಯ ಎದೆ, ಇನ್ನೊಂದು ಅಪ್ಪನ ಕಾರು.

ಅಜ್ಜಿ ಎಂದರೆ ಜಗದಾಂಬಾ. ರಾಣೆಬೆನ್ನೂರಿನ ತವರು ಬಿಟ್ಟು, ಗಂಡನ ನೌಕರಿಯ ಹಿಂದೆ ಬೆಂಗಳೂರಿನ ವಿಜಯನಗರಕ್ಕೆ ಬಂದು ಅರ್ಧ ಆಯುಷ್ಯ ಕಳೆದಿದ್ದಳು. ಗಂಡ ಹೋಗಿ ವರ್ಷಗಳಾಗಿದ್ದವು. ಆದರೂ ಮಾತಿನಲ್ಲಿ ತವರು ಬಿಟ್ಟಿರಲಿಲ್ಲ, ನಡೆಯಲ್ಲಂತೂ ಬಿಟ್ಟೇ ಇರಲಿಲ್ಲ. ಬೆಳಿಗ್ಗೆ ಸ್ನಾನ, ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ, ಅದಾದ ಮೇಲೆ ವಚನ. ಮನೆಯಲ್ಲಿ ಎಳೆಗೂಸಿದ್ದರೆ ಅದನ್ನು ಎದೆಯ ಮೇಲೆ ಬೋರಲು ಹಾಕಿಕೊಂಡೇ ವಚನ ಹೇಳಬೇಕು. ತೊಟ್ಟಿಲಲ್ಲಿಟ್ಟು ಹೇಳುವ ಹಾಗಿಲ್ಲ. ಇದು ಅವಳ ಅಜ್ಜಿ ಪಾರವ್ವನಿಂದ ಬಂದ ಪದ್ಧತಿ. ಕಿವಿಯಲ್ಲಿ ಹೊಕ್ಕದ್ದು ಮರೆತುಹೋಗುತ್ತದೆ, ಎದೆಯಲ್ಲಿ ಹೊಕ್ಕದ್ದು ಉಳಿಯುತ್ತದೆ ಎಂದು ಪಾರವ್ವ ನಂಬಿದ್ದಳು. ಜಗದಾಂಬಾ ಹಾಗೆಯೇ ಕೇಳಿ ಬೆಳೆದವಳು. ಮಗ ಕಲ್ಮೇಶನನ್ನೂ ಹಾಗೆಯೇ ಬೆಳೆಸಿದವಳು. ಈಗ ಅವನ ಮಗಳು ಆ ಎದೆಯ ಮೇಲೆ ಮಲಗುತ್ತಿದ್ದಳು. ವಚನಾ ಎಂದು ಹೆಸರಿಟ್ಟವಳೂ ಅಜ್ಜಿಯೇ.

ಎಂಥ ರಚ್ಚೆ ಹಿಡಿದಿದ್ದರೂ ಸರಿ, ಜಗದಾಂಬಾ ಎದೆಗೆ ಹಾಕಿಕೊಂಡು ಮೊದಲ ಸಾಲು ಎತ್ತಿದಳೆಂದರೆ ಕೂಸು ಥಟ್ಟನೆ ಸುಮ್ಮನಾಗುತ್ತಿತ್ತು. ಪುಟ್ಟ ಅಂಗೈಯನ್ನು ಅಜ್ಜಿಯ ಕೊರಳ ಕೆಳಗಿನ ಗುಳಿಗೆ ಒತ್ತಿ, ಕಣ್ಣು ಅರೆಮುಚ್ಚಿ, ಉಸಿರು ನಿಧಾನ ಮಾಡಿಕೊಂಡು ಪೂರ್ತಿ ವಚನ ಕೇಳುತ್ತಿತ್ತು. ಪಕ್ಕದ ಮನೆಯ ವತ್ಸಲಾ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, ಹೋದ ಜನ್ಮದಲ್ಲಿ ಇದು ಶರಣೆಯೇ ಇರಬೇಕು ಎಂದು ಕೈಮುಗಿದು ಹೋಗಿದ್ದಳು.

ಕಾರಿನದು ಬೇರೆಯೇ ಕತೆ. ಕಲ್ಮೇಶ ಕೊಂಡ ಸೆಕೆಂಡ್‌ಹ್ಯಾಂಡ್ ಕಾರಿನ ಸೈಲೆನ್ಸರ್ ತುಕ್ಕು ಹಿಡಿದು ತೂತು ಬಿದ್ದಾಗ ಕಂಪನಿಯದನ್ನೇ ಹಾಕಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕಾಲೇಜಿನ ದಿನಗಳಿಂದಲೂ ಅವನಿಗೆ ಕಾರಿನ ದನಿ ಗಂಭೀರವಾಗಿರಬೇಕೆಂಬ ಆಸೆ. ಫೋನಿನಲ್ಲಿ ವಾರಗಟ್ಟಲೆ ನೋಡಿ, ಹೊಳೆಯುವ ಸ್ಟೀಲಿನದೊಂದನ್ನು ತರಿಸಿ ಹಾಕಿಸಿದ. ಹೊರಗೆ ನಿಂತವರಿಗೆ ಅದರ ದನಿ ಚೆನ್ನಾಗಿಯೇ ಇತ್ತು. ಒಳಗೆ ಕೂತವರ ಪಾಡು ಬೇರೆ. ರಿಂಗ್ ರೋಡಿನಲ್ಲಿ ಕಾರು ಒಂದೇ ವೇಗಕ್ಕೆ ಬಂದು ನಿಂತಿತೆಂದರೆ ಎಲ್ಲಿಂದಲೋ ಗುಂಯ್ ಎಂದು ಒಂದು ಸದ್ದು ಏಳುತ್ತಿತ್ತು. ಜೋರೇನಲ್ಲ. ಖಾಲಿ ಕೊಡಕ್ಕೆ ಯಾರೋ ಬಾಯಿಟ್ಟು ಹೂಂಗುಟ್ಟಿದ ಹಾಗೆ. ವೇಗ ಹೆಚ್ಚಿಸಿದರೆ ಹೋಗುತ್ತಿತ್ತು, ಇಳಿಸಿದರೂ ಹೋಗುತ್ತಿತ್ತು. ಆದರೆ ದಿನಾ ಕೆಂಗೇರಿಯ ಕಡೆ ಆಫೀಸಿಗೆ ಹೋಗುವವರು ಆ ಒಂದೇ ವೇಗದಲ್ಲಿ ಅಲ್ಲವೇ ಹೋಗುವುದು. ಗಂಡನ ಪಕ್ಕದಲ್ಲಿ ಕೂತು ಹೋಗುವ ನಿಖಿತಾಗೆ ಸಂಜೆ ಮನೆಗೆ ಬರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು.

ಕೂಸಿಗೆ ಮಾತ್ರ ಆ ಗುಂಯ್ ಅಮೃತ. ಸೀಟಿನ ಮೇಲೆ ಮಲಗಿಸಿದರೆ ಎರಡೂ ಅಂಗೈ ಅಗಲಿಸಿ ಸೀಟಿಗೆ ಒತ್ತಿಕೊಂಡು ನಗುತ್ತಿತ್ತು. ಅಳುತ್ತಿದ್ದರೆ ನಿಲ್ಲಿಸುತ್ತಿತ್ತು. ಅಪ್ಪನ ರಕ್ತ ಎಂದು ಕಲ್ಮೇಶ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದ.

ಇದನ್ನೆಲ್ಲ ಅವರು ಬರೀ ಚೆಂದಕ್ಕೆ ಹೇಳಿಕೊಳ್ಳುತ್ತಿರಲಿಲ್ಲ. ಅದರ ಅಡಿಯಲ್ಲಿ ಯಾರೂ ಎತ್ತಿ ಆಡದ ಒಂದು ಹೆದರಿಕೆಯಿತ್ತು.

ಹುಟ್ಟಿದ ಎರಡನೆಯ ದಿನ ಆಸ್ಪತ್ರೆಯಲ್ಲಿ ಕೂಸಿನ ಕಿವಿಗೆ ಸಣ್ಣದೊಂದು ಬಿರಡೆಯಂಥದನ್ನಿಟ್ಟು ಪರೀಕ್ಷೆ ಮಾಡಿದ್ದರು. ಸರಿಯಾಗಿ ಬರಲಿಲ್ಲ. ಕಿವಿಯಲ್ಲಿ ನೀರಿದ್ದರೂ ಹೀಗಾಗುತ್ತದೆ, ಗಾಬರಿ ಬೇಡ, ಆದರೆ ತಿಂಗಳೊಳಗೆ ಮತ್ತೆ ಕರೆದುಕೊಂಡು ಬನ್ನಿ, ಏನಾದರೂ ಇದ್ದರೆ ಬೇಗ ಗೊತ್ತಾದಷ್ಟೂ ಒಳ್ಳೆಯದು ಎಂದು ಅಲ್ಲಿಯ ಹುಡುಗಿ ಹೇಳಿ ಕಳಿಸಿದ್ದಳು. ತಿಂಗಳಾಗುವಷ್ಟರಲ್ಲಿ ಕೂಸು ಅಜ್ಜಿಯ ವಚನ ಕೇಳತೊಡಗಿತ್ತು. ಕಿವಿ ಕೇಳದ ಕೂಸು ವಚನ ಕೇಳುತ್ತದೆಯೇ? ಜಗದಾಂಬಾ ನಕ್ಕಳು, ಕಲ್ಮೇಶ ನಕ್ಕ, ನಿಖಿತಾಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎಳೆಗೂಸನ್ನು ಆಸ್ಪತ್ರೆಗೆ ಅಲೆಸುವುದೇಕೆ ಎಂದು ಬಿಟ್ಟರು.

ಈಗ ಕೂಸಿಗೆ ಹತ್ತು ತಿಂಗಳು. ದೀಪಾವಳಿಯಲ್ಲಿ ಎದುರು ಮನೆಯವರು ಗೇಟಿನ ಮುಂದೆಯೇ ಸರಪಟಾಕಿ ಹಚ್ಚಿದಾಗ ಕೂಸು ತೊಟ್ಟಿಲಲ್ಲಿ ಮಗ್ಗುಲು ಕೂಡ ಬದಲಿಸಲಿಲ್ಲ. ಎಂಥ ಶಾಂತ ಮಗು ಎಂದರು ಬಂದವರು. ಅಡುಗೆಮನೆಯಲ್ಲಿ ಆಡುತ್ತ ಕೂತಿರುವಾಗ ಪಕ್ಕದಲ್ಲೇ ಕುಕ್ಕರ್ ಕೂಗಿದರೂ ಅತ್ತ ನೋಡುತ್ತಿರಲಿಲ್ಲ. ಆಟದಲ್ಲಿ ಮುಳುಗಿದೆ ಎಂದಳು ಅಜ್ಜಿ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ ಎಂದು ನಿಖಿತಾ ಒಂದು ಸಂಜೆ ಮೆಲ್ಲಗೆ ಹೇಳಿದಾಗ ಜಗದಾಂಬಾ ಕೂಸನ್ನೆತ್ತಿ ಎದೆಗೆ ಹಾಕಿಕೊಂಡು ವಚನ ಎತ್ತಿದಳು. ಅಳುತ್ತಿದ್ದ ಕೂಸು ಸುಮ್ಮನಾಯಿತು. "ನೋಡು" ಎನ್ನುವ ಹಾಗೆ ಸೊಸೆಯ ಕಡೆ ನೋಡಿದಳು. ನಿಖಿತಾ ನೋಡಿದಳು. ಆದರೆ ಈ ಸಲ ಅವಳ ಮುಖದ ಮೇಲಿನ ಮೋಡ ಸರಿಯಲಿಲ್ಲ.

ಮೋಡ ಅಲ್ಲಿಗೇ ನಿಲ್ಲಲಿಲ್ಲ. ಅಂದಿನಿಂದ ಜಗದಾಂಬಾಗೆ ಪೂಜೆಯಲ್ಲಿ ಕೂತಾಗ ಕಣ್ಣು ಲಿಂಗದ ಮೇಲೆ ನಿಲ್ಲದೆ ಕೂಸಿನ ಕಡೆ ಹೋಗುತ್ತಿತ್ತು. ಯಾರೂ ಇಲ್ಲದಾಗ ಕೂಸಿನ ಬೆನ್ನ ಹಿಂದೆ ನಿಂತು ಒಮ್ಮೆ ಗಂಟೆ ಬಾರಿಸಲು ಕೈ ಎತ್ತಿದ್ದಳು. ಬಾರಿಸದೆ ಕೆಳಗಿಟ್ಟಳು. ದೇವರ ಗಂಟೆಯಿಂದ ಪರೀಕ್ಷೆ ಮಾಡಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಅದು ಕಾರಣವಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಆ ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ನಿಖಿತಾ ಎರಡು ಮಾತು ಹೇಳಿದಳು. ಈ ಸೈಲೆನ್ಸರ್ ಸದ್ದು ತನ್ನಿಂದ ಇನ್ನು ಸಾಧ್ಯವಿಲ್ಲ, ನಾಳೆ ಅದನ್ನು ಬದಲಿಸಿಯೇ ಬಿಡಬೇಕು. ಮತ್ತು ರಾಜಾಜಿನಗರದ ಆಸ್ಪತ್ರೆಯಲ್ಲಿ ಶನಿವಾರ ಮಧ್ಯಾಹ್ನದವರೆಗೂ ಕಿವಿ ಪರೀಕ್ಷೆ ಮಾಡುತ್ತಾರಂತೆ, ಗ್ಯಾರೇಜಿನಿಂದ ಹಾಗೇ ಹೋಗಿಬರೋಣ. ಮೊದಲನೆಯದಕ್ಕೆ ಕಲ್ಮೇಶ ಒಪ್ಪಿದ. ಎರಡನೆಯದಕ್ಕೆ ತಾಯಿಯ ಮುಖ ನೋಡಿದ.

"ಆಸ್ಪತ್ರಿ ಯಾಕ? ದಿನಾ ವಚನ ಕೇಳತೈತಿ ಕೂಸು," ಎಂದಳು ಜಗದಾಂಬಾ. ಆಮೇಲೆ, ಯಾರೂ ಕೇಳದಿದ್ದರೂ, "ಆ ಸೈಲೆನ್ಸರ್ ಸೈತ ಇರಲಿ ಬಿಡೋ. ಆಕಿಗೆ ಅದಂದ್ರ ಭಾಳ ಇಷ್ಟ," ಎಂದಳು.

ತಲೆನೋವು ಬರುವುದು ಸೊಸೆಗೆ, ಸದ್ದು ಇರಲಿ ಎನ್ನುತ್ತಿರುವುದು ಅತ್ತೆ. ಕಲ್ಮೇಶನಿಗೆ ತಾಯಿಯ ಈ ಹಟ ವಿಚಿತ್ರವೆನಿಸಿತು. ನಗುತ್ತ ತಟ್ಟೆಯ ಮೇಲೆ ಬಾಗಿದ. ನಿಖಿತಾ ನಗಲಿಲ್ಲ. ಅತ್ತೆಯನ್ನೇ ಒಂದು ಗಳಿಗೆ ನೋಡಿದಳು. ಜಗದಾಂಬಾ ಎದ್ದು ಕೈ ತೊಳೆಯಲು ಹೋದಳು. ಕೂಸು ಕೇಳುತ್ತದೆ ಎನ್ನುವುದಕ್ಕೆ ಅವರ ಕೈಯಲ್ಲಿದ್ದ ಸಾಕ್ಷಿಗಳು ಎರಡು: ತನ್ನ ವಚನ, ಆ ಸೈಲೆನ್ಸರ್. ಒಂದನ್ನು ನಾಳೆ ಬಿಚ್ಚಿ ಹಾಕುತ್ತಾರೆ. ಆಮೇಲೆ ತಾನೊಬ್ಬಳೇ ಉಳಿಯುತ್ತೇನೆ ಎಂದು ಅವಳಿಗೆ ನಲ್ಲಿಯ ಮುಂದೆ ನಿಂತಾಗ ಹೊಳೆಯಿತು. ತೊಳೆದ ಕೈಯನ್ನೇ ಮತ್ತೆ ತೊಳೆದಳು.

ಶನಿವಾರ ಬೆಳಿಗ್ಗೆ ಕೂಸನ್ನೆತ್ತಿಕೊಂಡು ಮೂವರೂ ಹೋದ ಮೂಡಲಪಾಳ್ಯದ ಗ್ಯಾರೇಜು ಎರಡು ಮನೆಗಳ ನಡುವಿನ ಖಾಲಿ ಸೈಟಿನಲ್ಲಿ ತಗಡು ಹೊದಿಸಿ ಮಾಡಿಕೊಂಡದ್ದು. ಗೋಡೆಯುದ್ದಕ್ಕೂ ಹಳೆಯ ಸೈಲೆನ್ಸರುಗಳನ್ನು ತೂಗುಹಾಕಿದ್ದರು. ಗಾಳಿ ಬೀಸಿದಾಗ ಒಂದಕ್ಕೊಂದು ತಾಗಿ ಟೊಣ್ ಎನ್ನುತ್ತಿದ್ದವು. ಮಾಲೀಕ ವೆಂಕಟಗಿರಿ ದಪ್ಪ ಮೀಸೆಯ, ಬಾಯಿ ತುಂಬ ಮಾತಿನ ಆಸಾಮಿ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ತಮ್ಮ ಕಷ್ಟ ಹೇಳಿಕೊಂಡದ್ದನ್ನು ಕೇಳಿ, "ಮೇಡಂ ತಲೆನೋವಿಗೆ ನನ್ ಹತ್ರ ಔಷಧಿ ಇದೆ. ಸಾರ್ ತಲೆನೋವಿಗೆ ಇಲ್ಲ, ಅವ್ರು ಮೇಡಂನ ಕೇಳ್ಕೊಂಡೇ ಇರ್ಬೇಕು," ಎಂದ. ನಿಖಿತಾ ನಕ್ಕಳು. ಬೆಳಿಗ್ಗೆಯಿಂದ ಅವಳು ನಕ್ಕದ್ದು ಅದೇ ಮೊದಲು.

ಅವನು ದಾರಿಗಳನ್ನು ಬಿಡಿಸಿ ಹೇಳಿದ. ಕಂಪನಿಯ ಸೈಲೆನ್ಸರಿಗೇ ಹಿಂತಿರುಗಬಹುದು, ಸದ್ದೇ ಇರುವುದಿಲ್ಲ, ಆದರೆ ಸಾರ್ ಮುಖ ಬಾಡುತ್ತದೆ. ಸದ್ದು ನುಂಗುವ ದೊಡ್ಡ ಹೊಟ್ಟೆಯ ಮಫ್ಲರ್ ಡಬ್ಬಿ ಹಾಕಬಹುದು, ಗುಂಯ್ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಇಲ್ಲವೇ ಇದನ್ನೇ ಇಟ್ಟುಕೊಂಡು ಮಧ್ಯದಲ್ಲಿ ಪಕ್ಕಕ್ಕೆ ಒಂದು ಕೊಳವೆಯನ್ನು ಬೆಸುಗೆ ಹಾಕುವುದು. ಆ ಕೊಳವೆಯ ತುದಿ ಮುಚ್ಚಿರುತ್ತದೆ. ಅಳತೆ ಸರಿಯಾಗಿ ಹಿಡಿದರೆ ಆ ಒಂದು ಗುಂಯ್ ಮಾತ್ರ ಸಾಯುತ್ತದೆ, ಹೊರಗಿನ ದನಿ ಹಾಗೇ ಇರುತ್ತದೆ.

ಮುಚ್ಚಿದ ಕೊಳವೆಯಿಂದ ಸದ್ದು ಹೇಗೆ ಸಾಯುತ್ತದೆ ಎಂದು ಜಗದಾಂಬಾ ಕೇಳಿದಳು. ಕೇಳಬೇಕೆಂದುಕೊಂಡಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

"ಸಿಂಪಲ್ ಅಮ್ಮ. ಸದ್ದು ಒಳಗೆ ಹೋಗುತ್ತೆ. ಹೋಗಿ ಮುಚ್ಚಿರೋ ಕಡೆ ಬಡಿಯುತ್ತೆ. ದಾರಿ ಇಲ್ವಲ್ಲ, ವಾಪಸ್ ಬರುತ್ತೆ. ಬಂದು, ಹಿಂದೆ ಬರ್ತಿರೋ ಸದ್ದನ್ನೇ ಕೊಲ್ಲುತ್ತೆ. ಅಷ್ಟೇ."

ಅವನು ಇನ್ನೊಂದು ಕೆಲಸಕ್ಕೆ ತಿರುಗಿದ. ಜಗದಾಂಬಾ ಮಡಿಲಲ್ಲಿದ್ದ ಕೂಸಿನ ಪುಟ್ಟ ಕಿವಿಯ ಮೇಲೆ ಬಂದಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು. ಕಿವಿ ಎಷ್ಟು ಚೆಂದವಿತ್ತು. ಒಂದು ಸುಳಿಯೂ ತಪ್ಪಿಲ್ಲದ ಹಾಗೆ ತಿದ್ದಿ ಮಾಡಿದ ಕಿವಿ.

ಕೊಳವೆಯ ಅಳತೆ ಹಿಡಿಯುವ ಮೊದಲು ಗುಂಯ್ ಎಲ್ಲಿ, ಎಷ್ಟು ಏಳುತ್ತದೆ ಎಂದು ನೋಡಬೇಕಿತ್ತು. ವೆಂಕಟಗಿರಿ ನಿಖಿತಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಜಗದಾಂಬಾ ಕೂಸಿನೊಂದಿಗೆ ಹಿಂದೆ ಕೂತಳು. ಅವನು ತಾನೇ ಸ್ಟಿಯರಿಂಗ್ ಹಿಡಿದು ಕೂತು, ಕಾರು ನಿಂತಲ್ಲೇ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತುತ್ತ ಹೋಗಿ ಒಂದು ಕಡೆ ಹಿಡಿದು ನಿಲ್ಲಿಸಿದ. ಗುಂಯ್ ಎದ್ದಿತು. ಜಗದಾಂಬಾಳ ಪಕ್ಕದಲ್ಲಿ ಕೂತಿದ್ದ ಕೂಸು ಕೂಡಲೇ ಎರಡೂ ಅಂಗೈಯನ್ನು ಸೀಟಿಗೆ ಒತ್ತಿ, ಬಾಯಿ ತೆರೆದು ನಕ್ಕಿತು.

"ಇಷ್ಟೇ ಅಲ್ಲ ಮೇಡಂ ಪ್ರಾಬ್ಲಮ್ಮು," ಎಂದ ವೆಂಕಟಗಿರಿ ಸದ್ದಿನ ಮೇಲೆ ದನಿ ಎತ್ತಿ. "ಪೈಪು ತೂಗಾಕಿರೋ ರಬ್ಬರ್ ಗಟ್ಟಿಯಾಗಿದೆ. ಪೂರ್ತಿ ನಡುಕ ನೆಲಕ್ಕೆ ಬರ್ತಿದೆ. ಒಂದು ನಿಮಿಷ ಎರಡೂ ಕಿವಿ ಗಟ್ಟಿಯಾಗಿ ಮುಚ್ಕೊಳಿ."

ನಿಖಿತಾ ಮುಚ್ಚಿಕೊಂಡಳು. ಅವನು ಕೈಸನ್ನೆಯಲ್ಲೇ ಕೇಳಿದ, ಈಗ ಗೊತ್ತಾಗುತ್ತಿದೆಯೇ?

"ಗೊತ್ತಾಗ್ತಿದೆ," ಎಂದಳು ನಿಖಿತಾ, ಕಿವಿ ಮುಚ್ಚಿದವರು ಮಾತಾಡುವ ಜೋರು ದನಿಯಲ್ಲಿ. "ಬೆನ್ನಲ್ಲಿ. ಸೀಟಿಂದ ಬರ್ತಿದೆ."

ಹಿಂದಿನ ಸೀಟಿನಲ್ಲಿ ಜಗದಾಂಬಾ ಅಲ್ಲಾಡಲಿಲ್ಲ. ಬೆನ್ನಲ್ಲಿ. ಅವಳು ತನ್ನ ಅಂಗೈಯನ್ನು ಕೂಸಿನ ಅಂಗೈಯ ಪಕ್ಕದಲ್ಲಿ ಸೀಟಿನ ಮೇಲೆ ಇಟ್ಟಳು. ನಡುಗುತ್ತಿತ್ತು. ನುಣ್ಣಗೆ, ಎಡೆಬಿಡದೆ, ಬೆಕ್ಕಿನ ಹೊಟ್ಟೆಯಂತೆ. ಕೂಸು ಅಜ್ಜಿಯ ಕೈ ನೋಡಿ, ಗುಟ್ಟು ಹಂಚಿಕೊಂಡವರ ಹಾಗೆ ಇನ್ನಷ್ಟು ನಕ್ಕಿತು.

ವೆಂಕಟಗಿರಿ ಎಂಜಿನ್ ಆರಿಸಿದ. ನಗು ನಿಂತಿತು. ಕೂಸು ಸೀಟಿಗೆ ಕೈಯೊತ್ತಿಯೇ ಕಾದು ಕೂತಿತು.

ಜಗದಾಂಬಾಳ ಇನ್ನೊಂದು ಕೈ ಹೇಳದೆಯೇ ಅವಳ ಎದೆಗೆ ಬಂದಿತ್ತು. ಕೊರಳ ಕೆಳಗಿನ ಗುಳಿಗೆ, ಕೂಸು ದಿನಾ ಕೈ ಇಡುವ ಜಾಗಕ್ಕೆ. ಬಾಯೊಳಗೇ ವಚನದ ಮೊದಲ ಸಾಲು ಎತ್ತಲು ಉಸಿರು ತೆಗೆದುಕೊಂಡಳು. ಅಂಗೈಗೆ ಏನು ತಾಗುತ್ತದೆ ಎಂಬುದು ಹೇಳುವ ಮೊದಲೇ ಗೊತ್ತಾಗಿ, ಉಸಿರನ್ನು ಹಾಗೇ ಬಿಟ್ಟಳು. ಹೇಳಲಿಲ್ಲ. ಹೇಳದಿದ್ದರೆ ಗೊತ್ತಾದಂತಲ್ಲ ಎನ್ನುವ ಹಾಗೆ.

ಆಮೇಲೆ ಕಾರನ್ನು ಮೇಲೆತ್ತಿದರು. ಎಲ್ಲರೂ ಇಳಿದು ತಗಡಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತರು. ಕೂಸು ಜಗದಾಂಬಾಳ ಮಡಿಲಲ್ಲಿ ಅವಳ ಸೆರಗಿನ ಅಂಚನ್ನು ಚೀಪುತ್ತ ತೂಕಡಿಸತೊಡಗಿತು. ಜೋಡಿನ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ವೆಂಕಟಗಿರಿ ಕಾರಿನಡಿ ನಿಂತು ಸುತ್ತಿಗೆ ಎತ್ತಿ ಬಾರಿಸಿದ. ತಗಡಿನ ಸೂರು, ತೂಗುಬಿದ್ದ ಸೈಲೆನ್ಸರುಗಳು, ಎಲ್ಲವೂ ಒಟ್ಟಿಗೆ ಕಿರುಚಿಕೊಂಡವು. ನಿಖಿತಾ ಬೆಚ್ಚಿ ಎರಡೂ ಕಿವಿ ಮುಚ್ಚಿಕೊಂಡಳು. ಕಲ್ಮೇಶ ಹಿಂದಕ್ಕೆ ಜಿಗಿದು, ತಾನೇ ನಾಚಿ ನಕ್ಕ. ರಸ್ತೆಯಾಚೆ ಮಲಗಿದ್ದ ನಾಯಿ ಎದ್ದು ಓಡಿತು. ಎರಡನೆಯ ಏಟು. ಮೂರನೆಯದು.

ಕೂಸಿನ ರೆಪ್ಪೆ ಕೂಡ ಅಲುಗಲಿಲ್ಲ. ಬಾಯಿಂದ ಸೆರಗು ಜಾರಿತು. ನಿದ್ದೆ ಹತ್ತಿತ್ತು.

ನಿಖಿತಾ ಕಿವಿಯಿಂದ ಕೈ ತೆಗೆಯದೆ ಕೂಸನ್ನು ನೋಡಿದಳು. ಆಮೇಲೆ ಅತ್ತೆಯನ್ನು. 

"ದಣದೈತಿ ಕೂಸು," ಎಂದಳು ಜಗದಾಂಬಾ. "ರಾತ್ರಿ ಸರಿ ಮಲಗಿಲ್ಲ."

ಅದು ಸುಳ್ಳು. ರಾತ್ರಿಯೆಲ್ಲ ಕೂಸು ಅವಳ ಪಕ್ಕದಲ್ಲೇ ಹಾಯಾಗಿ ಮಲಗಿತ್ತು. ಮಲಗದೆ ಕಳೆದವಳು ಅವಳು. ಬೆಳಿಗ್ಗೆ ವಚನ ಹೇಳಿದ ಬಾಯಲ್ಲಿ ಹೊತ್ತೇರುವ ಮೊದಲೇ ಸುಳ್ಳು ಬಂತು ಎಂದು ಅವಳಿಗೆ ಅನ್ನಿಸಿತು. ಅಷ್ಟೇ ಬೇಗ ಇನ್ನೊಂದೂ ಅನ್ನಿಸಿತು: ಸುಳ್ಳು ಇವತ್ತು ಹುಟ್ಟಿದ್ದಲ್ಲ. ಅದಕ್ಕೂ ಹತ್ತಿರ ಹತ್ತಿರ ಹತ್ತು ತಿಂಗಳಾಗಿದೆ. ಬೇಗ ಗೊತ್ತಾದಷ್ಟೂ ಒಳ್ಳೆಯದು ಎಂದಿದ್ದಳಲ್ಲ ಆ ಹುಡುಗಿ. ಕಳೆದ ತಿಂಗಳುಗಳನ್ನು ಯಾರೂ ವಾಪಸ್ಸು ತಂದುಕೊಡುವುದಿಲ್ಲ. ಇನ್ನು ಕಳೆಯುವವು ಮಾತ್ರ ಅವಳ ಕೈಯಲ್ಲಿದ್ದವು.

ಬೆಸುಗೆಯ ಕೆಲಸ ಬೇಗ ಮುಗಿಯಿತು. ಪಕ್ಕಕ್ಕೆ ಬಾಗಿದ, ತುದಿ ಮುಚ್ಚಿದ ಆ ಮೊಂಡು ಕೊಳವೆಯನ್ನು ಕಲ್ಮೇಶ ಬಗ್ಗಿ ಬಗ್ಗಿ ನೋಡಿ ಫೋಟೊ ತೆಗೆದುಕೊಂಡ. ತೂಗುವ ರಬ್ಬರುಗಳನ್ನೂ ಹೊಸದು ಹಾಕಿಸಿದ. ರಿಂಗ್ ರೋಡಿನಲ್ಲಿ ಒಂದು ಸುತ್ತು ಹೋಗಿಬನ್ನಿ, ಇನ್ನೂ ಗುಂಯ್ ಅಂದರೆ ಕೊಳವೆ ಅರ್ಧ ಇಂಚು ಕತ್ತರಿಸಿ ಕೊಡುತ್ತೇನೆ ಎಂದ ವೆಂಕಟಗಿರಿ. "ಅನ್ನಲ್ಲ ಬಿಡಿ," ಎಂದೂ ಸೇರಿಸಿದ. "ಈಗ ಒಳಗೆ ಪಿಸುಗುಟ್ಟಿದ್ರೂ ಕೇಳ್ಸುತ್ತೆ. ಗಂಡ ಹೆಂಡ್ತಿ ಜಾಗ್ರತೆ."

ಕಾರು ಮೂಡಲಪಾಳ್ಯದ ಇಕ್ಕಟ್ಟು ರಸ್ತೆಗಳನ್ನು ದಾಟಿ ರಿಂಗ್ ರೋಡು ಹತ್ತಿತು. ಉಲ್ಲಾಳದ ಕಡೆಯ ಬಸ್ಸೊಂದನ್ನು ಹಿಂದೆ ಹಾಕಿ ಕಲ್ಮೇಶ ಆ ಹಾಳು ವೇಗಕ್ಕೆ ತಂದು ನಿಲ್ಲಿಸಿದ. ಮೂವರೂ ಉಸಿರು ಹಿಡಿದು ಕಾದರು.

ಏನೂ ಇಲ್ಲ.

ಸದ್ದು ಏಳಬೇಕಾದ ಜಾಗದಲ್ಲಿ ಒಂದು ಖಾಲಿ. ಗಾಳಿ ಸರಿಯುವುದು ಕೇಳುತ್ತಿತ್ತು. ನಿಖಿತಾಳ ಬಳೆ ಬೆಲ್ಟಿಗೆ ತಾಗಿದ್ದು ಕೇಳಿಸಿತು. ಲೇನ್ ಬದಲಿಸುವಾಗ ಇಂಡಿಕೇಟರ್ ಟಿಕ್ ಟಿಕ್ ಎನ್ನುವುದನ್ನು ತಿಂಗಳುಗಳ ಮೇಲೆ ಕೇಳುತ್ತಿದ್ದೇನೆ ಎಂದಳು ಅವಳು. ಕಲ್ಮೇಶ ಹಿಗ್ಗಿ ಸ್ಟಿಯರಿಂಗ್ ಮೇಲೆ ತಾಳ ಹಾಕಿದ. ಹಿಂದೆ ತಿರುಗದೆಯೇ, "ಹೆಂಗಿದೆ ಅವ್ವ?" ಎಂದ.

ಅವಳು ಉತ್ತರ ಕೊಡುವ ಮೊದಲು ಕೂಸು ಎಚ್ಚರವಾಯಿತು. ಸೀಟಿಗೆ ಕೈ ಒತ್ತಿತು. ತೆಗೆಯಿತು. ಮತ್ತೆ ಒತ್ತಿತು. ಇನ್ನೊಂದು ಕೈಯನ್ನೂ ಒತ್ತಿತು. ಮುಖ ಕೆಂಪಾಗಿ, ತುಟಿ ಬಿರಿದು, ಅಳು ಶುರುವಾಯಿತು. ಆ ಹೊಸ ಮೌನದಲ್ಲಿ ಅದರ ಅಳು ತೀರ ದೊಡ್ಡದಾಗಿ ಕೇಳಿಸಿತು.

ಜಗದಾಂಬಾ ಕೂಸನ್ನೆತ್ತಿ ಮೊಣಕಾಲ ಮೇಲೆ ಕೂರಿಸಿಕೊಂಡಳು. ಮುಖ ಕಿಟಕಿಯ ಕಡೆ, ಬೆನ್ನು ತನ್ನ ಕಡೆ, ನಡುವೆ ಒಂದು ಗೇಣು ಜಾಗ ಬಿಟ್ಟು. ಹಾಗೆ ಅವಳು ಎಂದೂ ಕೂರಿಸಿಕೊಂಡಿರಲಿಲ್ಲ. ಕಂಕುಳಲ್ಲಿ ಎರಡು ಕೈ ಮಾತ್ರ ಕೊಟ್ಟು ಹಿಡಿದು, ವಚನ ಎತ್ತಿದಳು.

ದನಿ ಅವಳದೇ ಎಂದು ಅವಳಿಗೇ ನಂಬಿಕೆಯಾಗದಷ್ಟು ಚೆನ್ನಾಗಿ ಬಂದಿತು. ಅಡ್ಡ ಬರುವ ಗುಂಯ್ ಇಲ್ಲದ ಆ ಪೆಟ್ಟಿಗೆಯಂಥ ಜಾಗದಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ತುಂಬಿಕೊಂಡು ನಿಂತಿತು. ಮುಂದಿನ ಸೀಟಿನಲ್ಲಿ ಕಲ್ಮೇಶನ ತಾಳ ತಾನಾಗಿ ನಿಂತಿತು. ಪಾರವ್ವ ಇದ್ದಿದ್ದರೆ ತಲೆದೂಗುತ್ತಿದ್ದಳು.

ಕೂಸು ಅಳುತ್ತಲೇ ಇತ್ತು.

ಅವಳು ಎರಡನೆಯ ಸಾಲು ಹೇಳಿದಳು, ಮೂರನೆಯದು ಹೇಳಿದಳು. ಕೂಸು ಕಿಟಕಿಯಾಚೆ ಹೋಗುವ ಲಾರಿಯನ್ನು ನೋಡಿಕೊಂಡು, ಬೆನ್ನ ಹಿಂದೆ ಯಾರೂ ಇಲ್ಲವೆಂಬಂತೆ, ತನ್ನಷ್ಟಕ್ಕೆ ತಾನು ಅತ್ತಿತು. ಜಗದಾಂಬಾ ಸಾಲಿನ ನಡುವೆ ನಿಲ್ಲಿಸಿಬಿಟ್ಟಳು. ಅರ್ಧಕ್ಕೆ ನಿಲ್ಲಿಸಬಾರದೆಂಬ ನಿಯಮವನ್ನು ಅವಳು ಹುಟ್ಟಿದಾಗಿನಿಂದ ಮುರಿದಿರಲಿಲ್ಲ.

"ಎದೆ ಮೇಲೆ ಹಾಕ್ಕೊಳಿ ಅತ್ತೆ," ಎಂದಳು ನಿಖಿತಾ ಮುಂದಿನಿಂದ. "ಹಾಗಾದ್ರೆ ಸುಮ್ನಾಗ್ತಾಳೆ."

"ಹೌದು," ಎಂದಳು ಜಗದಾಂಬಾ.

ಎದೆಗೆ ಹಾಕಿಕೊಂಡಳು. ಕೂಸಿನ ಕೈ ಅಭ್ಯಾಸದಂತೆ ಕೊರಳ ಗುಳಿಗೆ ಬಂದಿತು. ಅಳು ನಿಲ್ಲಲಿಲ್ಲ. ಕೈ ಅಲ್ಲಿ ಕಾಯುತ್ತಿತ್ತು, ಸೀಟಿನ ಮೇಲೆ ಕಾದ ಹಾಗೆಯೇ. ವಚನ ಹೇಳಿದರೆ ಈಗಲೇ ಸುಮ್ಮನಾಗುತ್ತದೆ, ಎಲ್ಲ ಮೊದಲಿನ ಹಾಗೆ ಆಗುತ್ತದೆ, ಮುಂದೆ ಕೂತ ಇಬ್ಬರಿಗೂ ಮತ್ತೆ ನೆಮ್ಮದಿ. ಮನೆಗೆ ಹೋಗಬಹುದು. ಅಡುಗೆ ಮಾಡಬಹುದು. ಇನ್ನೊಂದು ತಿಂಗಳು, ಇನ್ನೆರಡು ತಿಂಗಳು ದಾಟಿಸಬಹುದು.

ಜಗದಾಂಬಾ ಬಾಯಿ ಮುಚ್ಚಿದಳು. ತುಟಿಗೆ ತುಟಿ ಒತ್ತಿ, ಒಂದು ಅಕ್ಷರವೂ ಇಲ್ಲದೆ, ಅರ್ಥವೂ ರಾಗವೂ ಇಲ್ಲದೆ, ಎದೆಯಾಳದಿಂದ ಬರೀ ಹೂಂಗುಟ್ಟಿದಳು. ಖಾಲಿ ಕೊಡದ ಹಾಗೆ. ಆ ಸೈಲೆನ್ಸರಿನ ಹಾಗೆ.

ಕೂಸು ಥಟ್ಟನೆ ಸುಮ್ಮನಾಯಿತು. ಅಂಗೈ ಒತ್ತಿ, ಕಣ್ಣು ಅರೆಮುಚ್ಚಿ, ಉಸಿರು ನಿಧಾನ ಮಾಡಿಕೊಂಡಿತು. ಹತ್ತು ತಿಂಗಳಿನಿಂದ ವಚನ ಕೇಳುತ್ತ ಬಂದ ಅದೇ ಮುಖ. ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಅವಳು ನಿಲ್ಲಿಸಿದಳು. ಕೂಸಿನ ತುಟಿ ಬಿರಿಯಿತು. ಮತ್ತೆ ಹೂಂಗುಟ್ಟಿದಳು. ತುಟಿ ಕೂಡಿಕೊಂಡಿತು.

ನಿಖಿತಾ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದ್ದಳು. ಬೆಲ್ಟು ಕತ್ತಿಗೆ ಒತ್ತುತ್ತಿದ್ದರೂ ಅವಳಿಗೆ ಗಮನವಿರಲಿಲ್ಲ.

"ನೀವು ವಚನ ಹೇಳ್ತಿಲ್ಲ," ಎಂದಳು.

"ಇಲ್ಲವಾ."

"ಆದ್ರೂ ಸುಮ್ನಾದ್ಲು."

ಜಗದಾಂಬಾಗೆ ಸೊಸೆಯ ಕಣ್ಣು ನೋಡಲಾಗಲಿಲ್ಲ. ಕೂಸಿನ ನೆತ್ತಿಯ ಮೇಲೆ ತುಟಿಯಿಟ್ಟು, ಅಲ್ಲಿಂದಲೇ ಹೇಳಿದಳು. "ಎದಿ ನಡುಗೂದು ಅಷ್ಟ ಗೊತ್ತು ಆಕಿಗೆ. ಸೀಟು ನಡುಗೂದು ಗೊತ್ತು. ವಚನ ಆಕಿ ಕೇಳೇ ಇಲ್ಲ. ಒಂದ ದಿನಾನೂ ಕೇಳಿಲ್ಲ. ನಾ ಕೇಳತಾಳ ಅಂದೆ, ನೀವು ನಂಬಿದ್ರಿ."

ಕಲ್ಮೇಶ ಏನೋ ಹೇಳಲು ಬಾಯಿ ತೆರೆದ. ಎಲ್ಲ ಕೂಸುಗಳೂ ಹಾಗೇ, ಎದೆಗೆ ಹಾಕಿಕೊಂಡರೆ ಯಾವುದು ಸುಮ್ಮನಾಗುವುದಿಲ್ಲ ಎಂಬಂಥ ಮಾತು. ಅರ್ಧಕ್ಕೆ ಅವನಿಗೇ ಅದು ಸಾಲದೆನಿಸಿತು. ಕಾರು ತಾನಾಗಿ ನಿಧಾನವಾಯಿತು. ಹಿಂದಿನವನು ಹಾರನ್ ಬಾರಿಸಿ ಪಕ್ಕದಿಂದ ನುಗ್ಗಿ ಹೋದ.

"ವಚನಾ," ಎಂದು ಕರೆದಳು ನಿಖಿತಾ.

ಗುಂಯ್ ಇಲ್ಲದ ಕಾರಿನಲ್ಲಿ ಆ ಹೆಸರು ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿತ್ತು. ಅಡ್ಡಿಯಾಗಲು ಏನೂ ಉಳಿದಿರಲಿಲ್ಲ. ಸದ್ದಿನ ಗದ್ದಲದಲ್ಲಿ ಕೇಳಿಸಲಿಲ್ಲ ಎನ್ನುವುದಕ್ಕೆ ಇನ್ನು ಎಡೆಯಿರಲಿಲ್ಲ. ಇನ್ನೊಮ್ಮೆ ಕರೆದಳು, ಇನ್ನೂ ಜೋರಾಗಿ. ಕೂಸು ಅಜ್ಜಿಯ ಭುಜದ ಮೇಲಿಂದ ಹಿಂದಿನ ಗಾಜಿನಲ್ಲಿ ಸರಿದು ಹೋಗುವ ಮರಗಳನ್ನು ನೋಡುತ್ತಿತ್ತು.

ಮೂರನೆಯ ಸಲ ನಿಖಿತಾ ಕರೆಯಲಿಲ್ಲ. ಮುಂದಕ್ಕೆ ತಿರುಗಿ ಕೂತಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಬೈಯಬಹುದು ಎಂದು ಜಗದಾಂಬಾ ಕಾದಳು. ಬೈದರೆ ಒಳ್ಳೆಯದಿತ್ತು.

"ರಾಜಾಜಿನಗರಕ್ಕ ತಿರುಗ್ಸೋ," ಎಂದಳು ಅವಳೇ ಕೊನೆಗೆ. "ಮಧ್ಯಾಹ್ನದ ತನಕ ಇರತಾರ ಅಂದಿದ್ಲಲ್ಲ ನಿಖಿತಾ. ಮನಿಗೆ ಹೋಗೂದು ಬ್ಯಾಡ. ಮನಿಗೆ ಹೋದ್ರ ನಾ ಮತ್ತ ಏನರ ಹೇಳತೀನಿ."

ಕಲ್ಮೇಶ ಕನ್ನಡಿಯಲ್ಲಿ ತಾಯಿಯ ಮುಖ ನೋಡಿದ. ಬೆಳಗಿನ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಅವನು ಇಂಡಿಕೇಟರ್ ಹಾಕಿದ.  ಮುಂದಿನ ತಿರುವಿನಲ್ಲಿ ಕಾರು ಹೊರಳಿ ಬಂದ ದಾರಿಗೆ ಮುಖ ಮಾಡಿತು.

ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿದಾಗ ಕೂಸು ಮತ್ತೆ ಅಳುಮುಖ ಮಾಡಿತು. ಮುಂದಿನಿಂದ ನಿಖಿತಾ ತಿರುಗದೆಯೇ ಕೈ ಮಾತ್ರ ಹಿಂದಕ್ಕೆ ಚಾಚಿದಳು. ಆ ಕೈ ಕತ್ತಲಲ್ಲಿ ತಡಕಿದ ಹಾಗೆ ತಡಕಿ ಕೂಸಿನ ಪಾದ ಹಿಡಿದುಕೊಂಡಿತು. ಜಗದಾಂಬಾ ಕಣ್ಣು ಮುಚ್ಚಿ, ತುಟಿ ಒತ್ತಿ, ಹೂಂಗುಟ್ಟತೊಡಗಿದಳು. ವಚನದ ಸಾಲುಗಳು ಗಂಟಲವರೆಗೂ ಬಂದು ಬಂದು ನಿಂತವು. ಒಂದನ್ನೂ ಹೊರಗೆ ಬಿಡಲಿಲ್ಲ. ಯಾವ ಸದ್ದನ್ನು ತೆಗೆಸಲು ಬೆಳಿಗ್ಗೆ ಮನೆಯಿಂದ ಹೊರಟಿದ್ದರೋ ಅದೇ ಸದ್ದು ಈಗ ಅವಳ ಎದೆಯಿಂದ ಎದ್ದು ಕಾರಿನ ತುಂಬ ನಿಂತಿತ್ತು. ಆಸ್ಪತ್ರೆಯ ಗೇಟು ಕಾಣುವವರೆಗೂ ಅವಳು ಅದನ್ನು ನಿಲ್ಲಿಸಲಿಲ್ಲ. ಮುಂದೆ ಕೂತ ಇಬ್ಬರಲ್ಲಿ ಯಾರೂ ನಿಲ್ಲಿಸು ಎನ್ನಲಿಲ್ಲ.